ಹೇಡ್ರಿಯನ್ ಗೋಡೆಯ ನಡಿಗೆ: ಎರಡನೇ ದಿನಕ್ಕೇ ಕಾಲು ಸೋತಿದೆ, ನಾಳೆ ಗುಡ್ಡದ ದಾರಿ. ಮುಂದೆ ಹೋಗಲಾ, ಬೇಡ್ವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ರಾತ್ರಿ ಹತ್ತು ಗಂಟೆ ಇಲ್ಲಿ, ಕಿಟಕಿಯಾಚೆ ಇನ್ನೂ ಬೆಳಕಿದೆ. ಜೂನ್ ತಿಂಗಳಲ್ಲಿ ಉತ್ತರ ಇಂಗ್ಲೆಂಡ್‌ನಲ್ಲಿ ಹೀಗೇ. ಚಾಲರ್‌ಫರ್ಡ್ ಹತ್ತಿರ ಒಬ್ಬರ ಮನೆಯಲ್ಲಿ ರೂಮು ಹಿಡಿದು ಕೂತಿದ್ದೇವೆ, ನಾನು ಮತ್ತು ನಮ್ಮಪ್ಪ. ನಾಳೆ ಬೆಳಿಗ್ಗೆಯೊಳಗೆ ಒಂದು ತೀರ್ಮಾನ ಮಾಡಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ರೆಡಿಂಗ್‌ನಲ್ಲಿ. ಅಪ್ಪನಿಗೆ 67 ವರ್ಷ. ತೀರ್ಥಹಳ್ಳಿ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದರು. ನನ್ನ ಹತ್ತಿರ ಮೂರು ತಿಂಗಳು ಇರಲು ಬಂದಿದ್ದಾರೆ. ಎಲ್ಲಿಗೆ ಹೋಗೋಣ ಅಪ್ಪ ಅಂತ ಕೇಳಿದಾಗ ಲಂಡನ್ನೂ ಬೇಡ ಏನೂ ಬೇಡ, "ಮೂವತ್ತು ವರ್ಷ ಮಕ್ಕಳಿಗೆ ರೋಮನ್ನರ ಪಾಠ ಹೇಳಿದೆ ಕಣಮ್ಮ, ಅವರಿಟ್ಟ ಒಂದು ಕಲ್ಲನ್ನೂ ಮುಟ್ಟಿಲ್ಲ" ಅಂದರು. ಹಾಗಾಗಿ ಈ ದಾರಿ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆಯ ಗುಂಟ. ನ್ಯೂಕಾಸಲ್ ಪಕ್ಕದ ವಾಲ್ಸೆಂಡ್‌ನಿಂದ ಪಶ್ಚಿಮದ ಕಡಲ ತೀರದ ಬೋನೆಸ್‌ವರೆಗೆ 84 ಮೈಲಿ, ಅಂದರೆ 135 ಕಿಲೋಮೀಟರ್. ಆರು ದಿನದ ಲೆಕ್ಕ ಹಾಕಿ ರೂಮುಗಳನ್ನೆಲ್ಲ ಮೊದಲೇ ಬುಕ್ ಮಾಡಿದ್ದೆ.

ಮೊದಲ ದಿನ 24 ಕಿಲೋಮೀಟರ್, ಟೈನ್ ನದಿಯ ಪಕ್ಕದಲ್ಲೇ, ಹೆಚ್ಚು ಪಾಲು ಡಾಂಬರು. ಸಂಜೆ ಹೆಡನ್ ಊರಿಗೆ ಬಂದಾಗ ಅಂಗಾಲು ಉರಿಯುತ್ತಿತ್ತು, ಅಷ್ಟೇ ಅಂದುಕೊಂಡೆ. ಇವತ್ತು ಮತ್ತೆ 24. ದಾರಿ ಪೂರ್ತಿ ಒಂದು ರಸ್ತೆಯ ಪಕ್ಕಕ್ಕೇ ಹೋಗುತ್ತದೆ, ಒಂದು ಹೊಲ ದಾಟಿದರೆ ಇನ್ನೊಂದು ಹೊಲ, ಒಂದು ತಡಮೆ ಹತ್ತಿ ಇಳಿದರೆ ಮುಂದೆ ಇನ್ನೊಂದು ತಡಮೆ, ಬೇಲಿಯ ಆಚೆ ಕಾರುಗಳು ರೊಯ್ಯನೆ ಹೋಗುವ ಸದ್ದು. ಅಪ್ಪ ಪ್ರತಿ ಅರ್ಧ ಗಂಟೆಗೆ "ಗೋಡೆ ಎಲ್ಲಮ್ಮ?" ಅಂತ ಕೇಳುತ್ತಿದ್ದರು. ಪಕ್ಕದಲ್ಲಿ ಹುಲ್ಲು ಬೆಳೆದ ಹಳ್ಳ ಮಾತ್ರ ಕಾಣುತ್ತಿತ್ತು. ಮಧ್ಯಾಹ್ನದ ಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಹಾಗೆ ಸುರಿದು ನಿಲ್ಲುವ ಮಳೆ ಅಲ್ಲ, ಜಿಟಿಜಿಟಿ ಅಂತ ಮೂರು ಗಂಟೆ. ಮೊಣಕಾಲೆತ್ತರದ ಒದ್ದೆ ಹುಲ್ಲಿನಲ್ಲಿ ನಡೆದು ಶೂ ಒಳಗೆಲ್ಲ ನೀರು. ಹೊಸ ಶೂ, ತಗೊಂಡು ಎರಡು ವಾರ ಆಗಿದೆ. ಒಬ್ಬೊಬ್ಬರ ಬೆನ್ನಿಗೆ ಒಂಬತ್ತು ಕೆಜಿ ಚೀಲ ಬೇರೆ.

ಕೊನೆಯ ಐದು ಕಿಲೋಮೀಟರ್ ಹೇಗೆ ಬಂದೆನೋ ಗೊತ್ತಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಇಳಿಜಾರಿನಲ್ಲಿ ಒಂದು ಹೊಲದ ಮಧ್ಯೆ ತುಂಡು ಗೋಡೆ ಸಿಕ್ಕಿತು, ಎದೆಮಟ್ಟದ್ದು. ಅಪ್ಪ ಅಲ್ಲೇ ನಿಂತುಬಿಟ್ಟರು. ಕೈ ಒರೆಸಿಕೊಂಡು ಕಲ್ಲಿನ ಮೇಲೆ ಅಂಗೈ ಇಟ್ಟರು. ನನಗೆ ನಿಂತರೆ ಮತ್ತೆ ಹೆಜ್ಜೆ ಎತ್ತಲಾಗುವುದಿಲ್ಲ ಅನ್ನೋ ಭಯ. "ಬನ್ನಿ ಅಪ್ಪ, ನಾಳೆ ಬೇಕಾದಷ್ಟು ಸಿಗತ್ತೆ" ಅಂತ ಹೊರಡಿಸಿಕೊಂಡು ಬಂದೆ. ಅವರು ಒಂದು ಮಾತೂ ಆಡದೆ ಬಂದರು. ಅದೇ ಈಗ ಮನಸ್ಸಿಗೆ ಕೊರೆಯುತ್ತಿದೆ.

ರೂಮಿಗೆ ಬಂದು ಶೂ ಬಿಚ್ಚಿದರೆ ಎಡ ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿತ್ತು. ಬಲಗಾಲಿನ ಕಿರುಬೆರಳಿನಲ್ಲಿ ಒಡೆಯದ್ದು ಇನ್ನೊಂದು. ಅಪ್ಪ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ನನ್ನ ಕಾಲನ್ನು ತೊಡೆ ಮೇಲಿಟ್ಟುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಕಾಲುಚೀಲವನ್ನು ನಿಧಾನಕ್ಕೆ ಬಿಡಿಸಿದರು. ಚಿಕ್ಕವಳಿದ್ದಾಗ ತೋಟದಲ್ಲಿ ಮುಳ್ಳು ಚುಚ್ಚಿಸಿಕೊಂಡು ಬಂದರೆ ಹೀಗೇ ಕೂರುತ್ತಿದ್ದರು. ಅವರ ಕಾಲಿಗೆ ಏನೂ ಆಗಿಲ್ಲ. ಮಂಡಿ ಸ್ವಲ್ಪ ಹಿಡಿದಿದೆ ಅಂದರು.

ನಾಳೆ ವನ್ಸ್ ಬ್ರೂಡ್‌ವರೆಗೆ 19 ಕಿಲೋಮೀಟರ್, ಗುಡ್ಡದ ಏರಿಳಿತ ಅಲ್ಲೇ ಜಾಸ್ತಿ ಅಂತ ಓದಿದ್ದೇನೆ. ನಾಳಿದ್ದು 26. ಈ ಕಾಲಲ್ಲಿ ಹೋಗಬಹುದಾ? ಬಸ್ ಹತ್ತಿದರೆ ನಡಿಗೆ ಅಲ್ಲಿಗೆ ಮುಗಿದ ಹಾಗೇನಾ? ಅಪ್ಪನಿಗೆ ಇದು ಮತ್ತೆ ಸಿಗೋ ಅವಕಾಶ ಅಲ್ಲ. ದಾರಿ ಗೊತ್ತಿದ್ದವರು ಹೇಳಿ.

ಗುಡ್ಡಗಾಡು

ನಾನು ಮೂರು ವರ್ಷದ ಹಿಂದೆ ಈ ದಾರಿ ಪೂರ್ತಿ ನಡೆದಿದ್ದೇನೆ, ಆರು ದಿನದಲ್ಲೇ. ನಿಮಗೆ ಇವತ್ತು ಆದದ್ದು ಆ ಭಾಗದಲ್ಲಿ ನಡೆದ ಎಷ್ಟೋ ಜನಕ್ಕೆ ಆಗುತ್ತದೆ. ಅದು ನಿಮ್ಮ ಶಕ್ತಿ ಸಾಲದೆ ಆದದ್ದಲ್ಲ. ಗಟ್ಟಿ ನೆಲ, ಒದ್ದೆ ಹುಲ್ಲು, ಕಣ್ಣಿಗೆ ಏನೂ ಸಿಗದ ದಾರಿ, ಮೂರೂ ಸೇರಿದರೆ 24 ಕಿಲೋಮೀಟರ್ 40ರ ಹಾಗೆ ಆಗುತ್ತದೆ.

ಗೋಡೆ ಕಾಣದ್ದಕ್ಕೆ ಕಾರಣ ಇದೆ, ನಿಮ್ಮ ತಂದೆಯವರಿಗೆ ಹೇಳಿ. ನೀವು ನಡೆದ ರಸ್ತೆಯ ಕೆಳಗೇ ಗೋಡೆ ಇದೆ. 1745ರಲ್ಲಿ, ಪಟ್ಟ ಕಳೆದುಕೊಂಡಿದ್ದ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ಜಾಕೊಬೈಟ್ ದಂಗೆಯಲ್ಲಿ ಸೈನ್ಯವನ್ನು ನ್ಯೂಕಾಸಲ್‌ನಿಂದ ಕಾರ್ಲೈಲ್ ಕಡೆಗೆ ಬೇಗ ಸಾಗಿಸಲು ಸರಿಯಾದ ರಸ್ತೆ ಇರಲಿಲ್ಲ. ದಂಗೆ ಮುಗಿದ ಮೇಲೆ ರಸ್ತೆ ಮಾಡಿದರು. ಮಾಡುವಾಗ ಮೈಲಿಗಟ್ಟಲೆ ಗೋಡೆ ಕೆಡವಿ, ಅದೇ ಕಲ್ಲನ್ನು ರಸ್ತೆಗೆ ಅಡಿಪಾಯ ಹಾಕಿದರು. ಈಗಲೂ ಜನ ಅದನ್ನು ಮಿಲಿಟರಿ ರೋಡ್ ಅಂತಲೇ ಕರೆಯುತ್ತಾರೆ. ನೀವು ನೋಡಿದ ಹುಲ್ಲಿನ ಹಳ್ಳ ಇದೆಯಲ್ಲ, ಅದು ಗೋಡೆಯ ಉತ್ತರಕ್ಕೆ ರೋಮನ್ನರೇ ತೋಡಿದ ಕಂದಕ.

ಇನ್ನು ನಾಳೆಯ ದಾರಿ. ಅತಿ ಎತ್ತರದ ಜಾಗ ವಿನ್‌ಶೀಲ್ಡ್ಸ್, ಬರೀ 345 ಮೀಟರ್, ಅದೂ ವನ್ಸ್ ಬ್ರೂಡ್ ದಾಟಿದ ಮೇಲೆ. ಕುಮಾರ ಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಬರಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕುಮಾರ ಪರ್ವತ ಒಂದೇ ಸಲ ಹತ್ತೋದು, ಒಂದೇ ಸಲ ಇಳಿಯೋದು. ಇಲ್ಲಿ ಹಾಗಲ್ಲ. ಗರಗಸದ ಹಲ್ಲಿನ ಹಾಗೆ ಹತ್ತು ನಿಮಿಷ ಕಲ್ಲಿನ ಮೆಟ್ಟಿಲು ಹತ್ತಿ, ಐದು ನಿಮಿಷ ಇಳಿ, ಮತ್ತೆ ಹತ್ತು. ಮೀನಖಂಡಕ್ಕೂ ಮಂಡಿಗೂ ಹೊಡೆತ. ಹಿಮ್ಮಡಿ ಒಡೆದುಕೊಂಡು ಆ ಮೆಟ್ಟಿಲು ಹತ್ತಿದರೆ ನಾಳಿದ್ದು ನೆಲಕ್ಕೆ ಕಾಲಿಡೋಕಾಗಲ್ಲ. ನಾಳೆ ನಡೆಯಬೇಡಿ. ಇದು ನನ್ನ ಖಡಾಖಂಡಿತ ಮಾತು.

ಟೈನ್‌ಸೈಡ್ ಕನ್ನಡಿಗ

ಅಕ್ಕ, ನಾನಿರೋದು ಹೆಕ್ಸಮ್‌ನಲ್ಲಿ, ನೀವು ಕೂತಿರೋ ಜಾಗದಿಂದ ಹತ್ತು ಕಿಲೋಮೀಟರ್ ಒಳಗೆ. ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ತಂದೆ ಕೈಯಿಟ್ಟ ಆ ತುಂಡು ಗೋಡೆ ಬಹುಶಃ ಪ್ಲೇನ್‌ಟ್ರೀಸ್. ಚಾಲರ್‌ಫರ್ಡ್‌ಗೆ ಮುಂಚೆ ಇಳಿಜಾರಿನ ಹೊಲದಲ್ಲಿರೋದು ಅದೇ.

1801ರಲ್ಲಿ ವಿಲಿಯಂ ಹಟನ್ ಅಂತ ಒಬ್ಬರು ಬರ್ಮಿಂಗ್‌ಹ್ಯಾಮ್‌ನಿಂದ ಈ ಗೋಡೆ ನೋಡಲು ನಡೆದುಕೊಂಡು ಬಂದರು. ಆಗ ಅವರಿಗೆ 78 ವರ್ಷ. ಗೋಡೆಯ ಉದ್ದಕ್ಕೂ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಮತ್ತೆ ನಡೆದೇ ಮನೆ ಸೇರಿದರು. ಒಟ್ಟು ಸುಮಾರು 600 ಮೈಲಿ. ಅವರು ಪ್ಲೇನ್‌ಟ್ರೀಸ್‌ಗೆ ಬಂದಾಗ ಜಮೀನಿನವರು ತೋಟದ ಮನೆ ಕಟ್ಟಲು ಗೋಡೆಯ ಕಲ್ಲು ಕೀಳಿಸುತ್ತಿದ್ದರು. ನೂರಾರು ಗಜ ಆಗಲೇ ಹೋಗಿತ್ತು. ಹಟನ್ ದಯವಿಟ್ಟು ನಿಲ್ಲಿಸಿ ಅಂತ ಬೇಡಿಕೊಂಡರು. ಉಳಿದದ್ದು ಆ ತುಂಡು. ನಿಮ್ಮ ತಂದೆ ಸರಿಯಾದ ಜಾಗದಲ್ಲೇ ನಿಂತಿದ್ದಾರೆ.

ಇನ್ನೂ ಒಂದಿದೆ. ಹಟನ್ ಜೊತೆ ಮಗಳೂ ಹೊರಟಿದ್ದಳು. ಅಪ್ಪ ನಡೆದು, ಮಗಳು ಕುದುರೆ ಮೇಲೆ. ಹಾಗಾಗಿ ನೀವು ಬಸ್ ಹತ್ತೋಕೆ ಏನೂ ಅಳುಕಬೇಡಿ.

ಈಗ ಬಸ್ಸಿನ ವಿಷಯ. ಗೋಡೆಯ ಪಕ್ಕದಲ್ಲೇ ಎಡಿ 122 ಅಂತ ಒಂದು ಬಸ್ ಓಡುತ್ತದೆ. ಗೋಡೆ ಕಟ್ಟಲು ಶುರುಮಾಡಿದ ವರ್ಷವೇ ಬಸ್ಸಿನ ನಂಬರು. ಹೆಕ್ಸಮ್, ಚೆಸ್ಟರ್ಸ್ ಕೋಟೆ, ಹೌಸ್‌ಸ್ಟೆಡ್ಸ್, ವನ್ಸ್ ಬ್ರೂಡ್, ಆ ಕಡೆ ಹಾಲ್ಟ್‌ವಿಸಲ್. ಬಸ್ಸುಗಳು ಕಡಿಮೆ, ರಾತ್ರಿಯೇ ವೇಳಾಪಟ್ಟಿ ನೋಡಿಡಿ. ನಾಳೆ ಬೆಳಿಗ್ಗೆ ಟ್ಯಾಕ್ಸಿ ಮಾಡಿಕೊಂಡು ಪ್ಲೇನ್‌ಟ್ರೀಸ್‌ಗೆ ವಾಪಸ್ ಹೋಗಿ. ಎರಡು ಕಿಲೋಮೀಟರೂ ಆಗಲಿಕ್ಕಿಲ್ಲ. ಅವರು ಎಷ್ಟು ಹೊತ್ತು ನೋಡಬೇಕೋ ನೋಡಲಿ. ಗೋಡೆಯ ಅಗಲ ಒಂದು ಕಡೆ ಸಟ್ಟನೆ ಕಮ್ಮಿ ಆಗೋದನ್ನ ಗಮನಿಸೋಕೆ ಹೇಳಿ. ಅಡಿಪಾಯ ಹಾಕಿದ ತಂಡ ಹತ್ತು ಅಡಿ ಅಗಲಕ್ಕೆ ಹಾಕಿತ್ತು, ಆಮೇಲೆ ಅಗಲ ಇಳಿಸಿ ಅಂತ ಅಪ್ಪಣೆ ಬಂತು, ಮೇಲೆ ಕಟ್ಟಿದವರು ಸಣ್ಣ ಗೋಡೆ ಕಟ್ಟಿದರು. ಎರಡೂ ಒಟ್ಟಿಗೆ ಅಲ್ಲಿ ಕಾಣುತ್ತದೆ. ಸಮಾಜ ಮೇಷ್ಟ್ರಿಗೆ ಇದಕ್ಕಿಂತ ಏನು ಬೇಕು! ಆಮೇಲೆ ಚೆಸ್ಟರ್ಸ್‌ನಲ್ಲಿ ರೋಮನ್ ಸೈನಿಕರ ಸ್ನಾನದ ಮನೆ ನೋಡಿ, ಬಸ್ ಹಿಡಿದು ವನ್ಸ್ ಬ್ರೂಡ್ ಸೇರಿಕೊಳ್ಳಿ.

ನಾಳಿದ್ದು 26 ಕಿಲೋಮೀಟರ್ ಕೈಬಿಡಿ. ಬೆಳಿಗ್ಗೆ ಅದೇ ಬಸ್ಸಿನಲ್ಲಿ ಹೌಸ್‌ಸ್ಟೆಡ್ಸ್‌ಗೆ ಹಿಂದೆ ಬನ್ನಿ. ಅಲ್ಲಿಂದ ವನ್ಸ್ ಬ್ರೂಡ್‌ಗೆ ಗುಡ್ಡದ ಮೇಲೆ ಐದು ಕಿಲೋಮೀಟರ್ ಆಗಬಹುದು, ನೀರಿನ ಬಾಟಲಿ ಮಾತ್ರ ತಗೊಂಡು ಆರಾಮಾಗಿ ನಡೆಯಿರಿ. ಇಡೀ ಗೋಡೆಯಲ್ಲಿ ಅದಕ್ಕಿಂತ ಚೆನ್ನಾಗಿರೋ ಐದು ಕಿಲೋಮೀಟರ್ ಇಲ್ಲ. ಗೋಡೆ ಹಾವಿನ ಹಾಗೆ ಗುಡ್ಡ ಏರಿ ಇಳಿಯುತ್ತದೆ, ಬಲಕ್ಕೆ ಕಪ್ಪು ಬಂಡೆಯ ಪ್ರಪಾತ, ಕೆಳಗೆ ಕ್ರಾಗ್ ಲಾಕ್ ಕೆರೆ. ಮಧ್ಯದ ಕಣಿವೆಯಲ್ಲಿ ಒಂಟಿ ಸಿಕಮೋರ್ ಮರ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಕಡಿದು ಹಾಕಿದರು. ಆ ವಾರ ಇಲ್ಲಿಯ ಜನ ಮನೆಯವರನ್ನು ಕಳೆದುಕೊಂಡ ಹಾಗಿದ್ದರು, ನನ್ನ ಮಕ್ಕಳೂ ಅತ್ತರು. ಬುಡ ಈಗ ಚಿಗುರಿದೆ. ಅಲ್ಲಿ ಒಂದು ನಿಮಿಷ ನಿಲ್ಲಿ.

ಪಾದರಕ್ಷೆ

ನಾನು ಫಿಸಿಯೋ, ಕಾಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಒಡೆದ ಬೊಬ್ಬೆಯ ಮೇಲಿನ ಚರ್ಮ ಕಿತ್ತು ತೆಗೆಯಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ಹೊದಿಕೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಮೇಲೆ ಪ್ಲಾಸ್ಟರ್ ಹಾಕಿ. ಒಡೆಯದೆ ಇರೋದನ್ನ ಚುಚ್ಚಬೇಡಿ. ಜೆಲ್ ಇರುವ ಬ್ಲಿಸ್ಟರ್ ಪ್ಲಾಸ್ಟರ್ ಯಾವ ಫಾರ್ಮಸಿಯಲ್ಲೂ ಸಿಗುತ್ತದೆ. ಹಾಕುವ ಮುಂಚೆ ಅಂಗೈಗಳ ನಡುವೆ ಒಂದು ನಿಮಿಷ ಒತ್ತಿ ಬೆಚ್ಚಗೆ ಮಾಡಿಕೊಂಡರೆ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ತಾನಾಗಿ ಬಿಡುವವರೆಗೆ ಎಳೆಯಬೇಡಿ.

ಬೊಬ್ಬೆ ಬರೋದು ಉಜ್ಜಾಟದಿಂದ, ಆದರೆ ಒದ್ದೆ ಚರ್ಮ ಬೇಗ ಸೋಲುತ್ತದೆ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಕೂತಾಗ ಶೂ ಬಿಚ್ಚಿ, ಕಾಲಿಗೆ ಗಾಳಿ ಆಡಲಿ, ಒಣಗಿದ ಕಾಲುಚೀಲ ಹಾಕಿ. ಹತ್ತಿಯದು ಬೇಡ, ಉಣ್ಣೆಯದು. ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಆಡುತ್ತಿದ್ದರೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಬೆರಳಿನ ಕಡೆ ಸಡಿಲ ಬಿಡಿ. ಒದ್ದೆ ಶೂ ಒಳಗೆ ಇವತ್ತು ರಾತ್ರಿ ಹಳೇ ಪೇಪರ್ ತುರುಕಿ ಇಡಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಅರ್ಧ ಒಣಗಿರುತ್ತದೆ. ಹೀಟರ್ ಮೇಲೆ ಮಾತ್ರ ಇಡಬೇಡಿ.

ಗಾಯದ ಸುತ್ತ ಬಿಸಿಯಾದರೆ, ಊದಿಕೊಂಡರೆ, ಕೀವು ಬಂದರೆ ನಡಿಗೆ ನಿಲ್ಲಿಸಿ, ಹೆಕ್ಸಮ್‌ನಲ್ಲಿ ಫಾರ್ಮಸಿಸ್ಟ್ ಹತ್ತಿರ ತೋರಿಸಿ ಇಲ್ಲಾ ಇಲ್ಲಿಯ ವೈದ್ಯಕೀಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಇಲ್ಲಿಯ ಪುಸ್ತಕಗಳಲ್ಲಿ ಗಾಯ ಕೆಂಪಾಗುತ್ತದೆ ಅಂತ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಅದು ಬೇಗ ಕಾಣಲ್ಲ. ಮುಟ್ಟಿ ನೋಡಿ.

ತಂದೆಯವರ ಮಂಡಿಗೆ ಎರಡು ವಾಕಿಂಗ್ ಕೋಲು ಕೊಡಿಸಿ. ಬೇಡ ಅನ್ನುತ್ತಾರೆ, ಆದರೂ ಕೊಡಿಸಿ.

ನೀಲಿಕೊಡೆ

ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ನನ್ನದು ಸಣ್ಣ ಸೇರ್ಪಡೆ. ದಿನ ಕಡಿಮೆ ಬಿದ್ದರೆ ಕಾರ್ಲೈಲ್ ಆಚೆಯ ಕೊನೆಯ ಭಾಗ ಬಿಡಿ, ಅಲ್ಲಿ ಗೋಡೆಯೇ ಕಾಣಲ್ಲ ಅಂತ ಯಾರಾದರೂ ಹೇಳಬಹುದು. ನಾನು ಒಪ್ಪಲ್ಲ. ನಾನೂ ನನ್ನ ಅಕ್ಕನೂ ನಡೆದಾಗ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅದೇ. ನೆಲ ಅಂಗೈಯಷ್ಟು ಸಮ. ಸಾಲ್ವೇ ಕೊಲ್ಲಿ, ನೀರಿನಾಚೆ ಸ್ಕಾಟ್ಲೆಂಡ್ ಬೆಟ್ಟಗಳು, ಉಪ್ಪು ಜವುಗಿನಲ್ಲಿ ಮೇಯುವ ದನಗಳು. ಒಂದನೇ ಎಡ್ವರ್ಡ್ ರಾಜ ಸ್ಕಾಟ್ಲೆಂಡಿಗೆ ದಂಡೆತ್ತಿ ಹೊರಟವನು 1307ರಲ್ಲಿ ಸತ್ತದ್ದು ಆ ಜವುಗಿನಲ್ಲೇ, ಅಲ್ಲೊಂದು ಕಂಬ ಇದೆ. ಕಾಲು ನೋಯುತ್ತಿರುವ ನಿಮಗೆ ಆ ಸಮನೆಲವೇ ಒಳ್ಳೆಯದು. ಒಂದೇ ಎಚ್ಚರಿಕೆ, ದೊಡ್ಡ ಉಬ್ಬರ ಬಂದಾಗ ಜವುಗಿನ ರಸ್ತೆ ಮೇಲೆ ನೀರು ಬರುತ್ತದೆ, ಹೊರಡುವ ಮುಂಚೆ ಉಬ್ಬರದ ಸಮಯ ನೋಡಿಕೊಳ್ಳಿ. ಬಿಡಬೇಕು ಅಂದರೆ ಚಾಲರ್‌ಫರ್ಡ್‌ನಿಂದ ಹೌಸ್‌ಸ್ಟೆಡ್ಸ್‌ವರೆಗಿನ 14 ಕಿಲೋಮೀಟರ್ ಬಿಡಿ. ಅದರಲ್ಲೂ ಅರ್ಧದಷ್ಟು ಮತ್ತೆ ಆ ರಸ್ತೆಯ ಪಕ್ಕವೇ.

ಇನ್ನೊಂದು, ಒಂಬತ್ತು ಕೆಜಿ ಯಾಕೆ ಹೊರುತ್ತೀರಿ? ಚೀಲವನ್ನು ಮುಂದಿನ ರೂಮಿಗೆ ವ್ಯಾನಿನಲ್ಲಿ ಸಾಗಿಸುವವರು ಈ ದಾರಿಯಲ್ಲಿ ಇದ್ದಾರೆ, ರೂಮಿನವರನ್ನು ಕೇಳಿದರೆ ನಂಬರು ಕೊಡುತ್ತಾರೆ. ಊಟ ಮಾತ್ರ ಕೈಯಲ್ಲಿರಲಿ. ಮುಂದೆ ಅಂಗಡಿಗಳು ಬಹಳ ಅಪರೂಪ. ನಾವು ತೆಳು ಅವಲಕ್ಕಿಗೆ ಚಟ್ನಿಪುಡಿ, ಕಡಲೆಬೀಜ ಕಲಸಿ ಡಬ್ಬಿಗೆ ಹಾಕಿಕೊಂಡಿದ್ದೆವು. ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿಕೊಂಡರೆ ಗುಡ್ಡದ ಮೇಲೆ ಕೂತು ಕಾಫಿಯೂ ಆಗುತ್ತದೆ.

ಹಾಂ, ವನ್ಸ್ ಬ್ರೂಡ್ ಹತ್ತಿರವೇ ವಿಂಡೊಲಾಂಡಾ ಅನ್ನೋ ರೋಮನ್ ಕೋಟೆ ಇದೆ. ಅಲ್ಲಿ ನೆಲದಡಿ ಸಿಕ್ಕ ಮರದ ತೆಳು ಹಲಗೆಯ ಪತ್ರಗಳಲ್ಲಿ ಒಂದರಲ್ಲಿ, ಸೈನಿಕನೊಬ್ಬನಿಗೆ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ್ದೇನೆ ಅಂತ ಯಾರೋ ಬರೆದಿದ್ದಾರೆ. ಗೋಡೆ ಕಟ್ಟುವುದಕ್ಕೂ ಮುಂಚಿನ ಪತ್ರ. ದೂರದ ಊರಲ್ಲಿರೋ ನಮ್ಮವರಿಗೆ ಕಾಲು ತಣ್ಣಗಾಗದಿರಲಿ ಅನ್ನೋ ಚಿಂತೆ ಆಗಲೂ ಇತ್ತಲ್ವಾ?

ತುಂಗಾತೀರ

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗುತ್ತಿಲ್ಲ. ರಾತ್ರಿ ಒಂದು ಗಂಟೆವರೆಗೆ ಕೂತು ಎಲ್ಲವನ್ನೂ ಓದಿದೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪನಿಗೂ ಓದಿ ಹೇಳಿದೆ. ಹಟನ್ ವಿಷಯಕ್ಕೆ ಬಂದಾಗ "ಎಷ್ಟು ವರ್ಷ ಅಂದೆ?" ಅಂತ ಎರಡು ಸಲ ಕೇಳಿದರು.

ಈಗ ವನ್ಸ್ ಬ್ರೂಡ್‌ನಲ್ಲಿದ್ದೇವೆ. ಇಲ್ಲಿ ಇನ್ನೊಂದು ರಾತ್ರಿಗೂ ಹಾಸಿಗೆ ಸಿಕ್ಕಿತು. ನಾಳಿನ ಬುಕಿಂಗ್ ಬಿಟ್ಟಿದ್ದಕ್ಕೆ ಸ್ವಲ್ಪ ದುಡ್ಡು ಹೋಯಿತು, ಹೋಗಲಿ. ಹಿಮ್ಮಡಿ ಊದಿಲ್ಲ, ಬಿಸಿಯೂ ಇಲ್ಲ. ಶೂ ಒಳಗೆ ಪೇಪರ್ ತುರುಕಿದ್ದು ನಿಜವಾಗಿ ಕೆಲಸ ಮಾಡಿತು, ಪಾದರಕ್ಷೆಯವರೇ. ನಾಳೆ ಹೌಸ್‌ಸ್ಟೆಡ್ಸ್‌ನಿಂದ ಇಲ್ಲಿಗೆ ನಿಧಾನಕ್ಕೆ ನಡೆದು ಬರುತ್ತೇವೆ. ಆಮೇಲಿನದು ನನ್ನ ಕಾಲು ಹೇಳಿದ ಹಾಗೆ. ಬೋನೆಸ್‌ಗೆ ಕೊನೆಯ ದಿನ ನಡೆದೇ ಸೇರಬೇಕು ಅಂತ ಇಬ್ಬರಿಗೂ ಆಸೆ ಇದೆ.

ಬೆಳಿಗ್ಗೆ ಪ್ಲೇನ್‌ಟ್ರೀಸ್‌ಗೆ ಹೋದೆವು. ನಾನು ಟ್ಯಾಕ್ಸಿಯಲ್ಲಿ. ಅಪ್ಪ ಕೇಳಲಿಲ್ಲ, ನಡೆದೇ ಬರುತ್ತೇನೆ ಅಂತ ಕೊಡೆ ಹಿಡಿದುಕೊಂಡು ಮೊದಲೇ ಹೊರಟರು. ನಾನು ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ಶೂ ಬಿಚ್ಚಿ ಕೂತೆ. ಅವರು ಏರು ಹತ್ತಿ ಬಂದು ನನ್ನ ಕಡೆಗೆ ಒಮ್ಮೆ ಕೈ ಎತ್ತಿ, ಸೀದಾ ಗೋಡೆಯ ಹತ್ತಿರ ಹೋದರು. ಗೋಡೆಯ ಮೇಲೆ ಹತ್ತಬಾರದು ಅಂತ ಹೇಳಿದ್ದೆ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ತೋಟದಲ್ಲಿ ಗುಂಡಿ ಅಳೆಯುವ ಹಾಗೆ ಗೇಣು ಹಾಕಿದರು. ಅಗಲದ ಕಡೆ ಹದಿಮೂರು ಗೇಣು. ಸಣ್ಣ ಕಡೆ ಎಂಟು. ಸರಿಯಾಗಿಲ್ಲ ಅನ್ನಿಸಿರಬೇಕು, ಮತ್ತೆ ಮೊದಲಿನಿಂದ ಅಳೆದರು. ಕುರಿಗಳು ಮೇಯೋದು ಬಿಟ್ಟು ಅವರನ್ನೇ ನೋಡುತ್ತಿದ್ದವು. ಮುಕ್ಕಾಲು ಗಂಟೆ ಅಲ್ಲಿದ್ದೆವು, ನಾನು ಒಂದು ಸಲವೂ ಬನ್ನಿ ಅನ್ನಲಿಲ್ಲ.